ಹಳೆಯ ನೌಕೆಗೆ ಹೊಸ ಕೊಳೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಳೆಯ ಗಗನನೌಕೆ ಮಾಡೆಲ್‌ಗಳ ರಿಪೇರಿಯದೇ ಸುದ್ದಿ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ‘ಕೊಳೆ ಮಾಡುವುದು’ ಎಂದರೆ ಬಿಸಿಲು, ಮಳೆ, ಹೊಗೆ, ಓಡಾಟದಿಂದ ಬರುವ ಸವೆತವನ್ನು ಬಣ್ಣದಲ್ಲಿ ತೋರಿಸುವ ಕೆಲಸ ಎಂದು ಓದಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿದ್ದ ದೊಡ್ಡಪ್ಪ ಜೋಡಿಸಿದ್ದ ಎಂಪಿಸಿ ಕಂಪನಿಯ ಮಿಲೆನಿಯಮ್ ಫಾಲ್ಕನ್ (‘ಸ್ಟಾರ್ ವಾರ್ಸ್’ ಸಿನಿಮಾದ ನೌಕೆಯ ಕಿಟ್) ನನ್ನ ಕೈಗೆ ಬಂದಿದೆ. ಮೈತುಂಬ ಬ್ರಷ್‌ನಲ್ಲಿ ದಪ್ಪಗೆ ಬಳಿದ ಬೂದು ಎನಾಮೆಲ್. ಥಿನ್ನರ್ ಹಾಕಿ ತೆಗೆಯಬಹುದೇ? — ಜಯನಗರ, ಬೆಂಗಳೂರು

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್, ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರಾವಣ ಇವು ಯಾವುವನ್ನೂ ಹತ್ತಿರ ತರಬೇಡಿ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದು ಇವುಗಳಲ್ಲಿ ಬಣ್ಣಕ್ಕಿಂತ ಮೊದಲು ತಾನೇ ಕರಗುತ್ತದೆ.

ಮೊದಲು ಬಣ್ಣ ತೆಗೆಯಲೇಬೇಕೇ ನೋಡಿ. ಸೂಜಿಮೊನೆಯನ್ನು ಪ್ಯಾನೆಲ್ ಗೆರೆಯಲ್ಲಿ, ಅಂದರೆ ನೌಕೆಯ ಮೈಮೇಲಿನ ಹಲಗೆಗಳ ನಡುವಿನ ಗೀರಿನಲ್ಲಿ, ಎಳೆಯಿರಿ. ಮೊನೆ ಗೆರೆಯೊಳಗೆ ಕೂತು ಸರಾಗ ಸಾಗಿದರೆ ಬಣ್ಣ ತೆಳುವಾಗಿದೆ ಎಂದರ್ಥ. ಆಗ ಸೋಪುನೀರಲ್ಲಿ ತೊಳೆದು, 1000 ನಂಬರಿನ ವಾಟರ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ ಪ್ರೈಮರ್ ಹೊಡೆದರೆ ಸಾಕು. ಗೆರೆಯೇ ಸಿಗದಿದ್ದರೆ ತೆಗೆಯಬೇಕು. ಯಾವ ಕಾರಣಕ್ಕೂ ಒಣಗಿದ್ದಂತೆ ಉಜ್ಜಬೇಡಿ. ಆ ಕಾಲದ ಎನಾಮೆಲ್‌ಗಳಲ್ಲಿ ಸೀಸ ಇರಬಹುದು. ನೀರು ಹಾಕಿಯೇ ಉಜ್ಜಿ, ಕೆಸರನ್ನು ಕಾಗದದಲ್ಲಿ ಒರೆಸಿ ಎಸೆಯಿರಿ.

ನಮ್ಮ ಮನೆಗಳಲ್ಲಿ ಸುಲಭಕ್ಕೆ ಸಿಗುವ, ಪ್ಲಾಸ್ಟಿಕ್ಕನ್ನು ಕೆಡಿಸದ ಮದ್ದೆಂದರೆ ಕಂದು ಬಣ್ಣದ ಡೆಟಾಲ್. ಅದರಲ್ಲಿರುವ ಟರ್ಪಿನಿಯಾಲ್ ಮತ್ತು ಆಲ್ಕೋಹಾಲ್ ಹಳೆಯ ಎನಾಮೆಲ್ಲನ್ನು ನೆನೆಸಿ ಮೆತ್ತಗೆ ಮಾಡುತ್ತವೆ. ನೀರು ಬೆರೆಸದೆ ಹಾಗೆಯೇ ಬಳಸಿ. ಸಣ್ಣ ಭಾಗಗಳನ್ನು ಮುಚ್ಚಳದ ಡಬ್ಬಿಯಲ್ಲಿ 24 ಗಂಟೆ ಮುಳುಗಿಸಿಡಿ. ಫಾಲ್ಕನ್‌ನ ದೊಡ್ಡ ತಟ್ಟೆಗೆ ಲೀಟರುಗಟ್ಟಲೆ ಸುರಿಯಬೇಕಿಲ್ಲ. ಟಿಶ್ಯೂ ಕಾಗದವನ್ನು ಡೆಟಾಲ್‌ನಲ್ಲಿ ಅದ್ದಿ ಮೈಗೆ ಅಂಟಿಸಿ, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಸುಮಾರು 200 ಮಿ.ಲೀ.ನಲ್ಲಿ ಕೆಲಸ ಮುಗಿಯುತ್ತದೆ. ಕೈಗವಸು ಬೇಕು, ಕಿಟಕಿ ತೆರೆದಿರಬೇಕು.

ಎಲ್ಲರೂ ಎಡವುವುದು ಇದಾದ ಮೇಲೆ. ನೆನೆದ ಬಣ್ಣಕ್ಕೆ ನೀರು ತಗುಲಿತೋ, ಅದು ಬೆಲ್ಲದ ಪಾಕದಂತೆ ಅಂಟಂಟಾಗಿ ಗೆರೆಗಳೊಳಗೆ ಇಳಿದು ಕೂತುಬಿಡುತ್ತದೆ. ಹಾಗಾಗಿ ಮೊದಲ ಸುತ್ತಿನ ಉಜ್ಜಾಟವೆಲ್ಲ ಡೆಟಾಲ್‌ನಲ್ಲೇ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ನಡೆಯಲಿ. ಬಣ್ಣ ಪೂರ್ತಿ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಅದಾದ ಮೇಲೆ ನೀರು. ಮೂಲೆಗಳಲ್ಲಿ ಉಳಿದದ್ದನ್ನು ಬಿದಿರಿನ ಟೂತ್‌ಪಿಕ್‌ನಿಂದ ಕೆರೆಯಿರಿ. ಲೋಹದ ಮೊನೆ ಬೇಡ. ಕಾಕ್‌ಪಿಟ್‌ನ ಪಾರದರ್ಶಕ ಗಾಜನ್ನು ಯಾವ ದ್ರಾವಣದಲ್ಲೂ ನೆನೆಸಬೇಡಿ.

99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲ್ ಅಕ್ರಿಲಿಕ್ ಬಣ್ಣವನ್ನು ಅರ್ಧ ಗಂಟೆಯಲ್ಲಿ ತೆಗೆಯುತ್ತದೆ. ನಲವತ್ತು ವರ್ಷದ ಎನಾಮೆಲ್ ಮುಂದೆ ಅದರ ಆಟ ನಡೆಯದು. ಬ್ರೇಕ್ ಆಯಿಲ್ ಬೇಗ ತೆಗೆಯುತ್ತದೆ, ನಿಜ. ಆದರೆ ಕೆಲವು ಹಳೆಯ ಪ್ಲಾಸ್ಟಿಕ್ಕು ಅದರಿಂದ ಹಪ್ಪಳದಂತೆ ಪೆಡಸಾಗುತ್ತದೆ. ಸಾಲದ್ದಕ್ಕೆ ವಿಷ, ಚರಂಡಿಗೆ ಸುರಿಯುವಂತಿಲ್ಲ.

ಈ ಕಿಟ್ 1979ರದ್ದು. ಬೆಳಗಿನ ತಿಂಡಿಯ ಸೀರಿಯಲ್ ಮಾರುವ ಜನರಲ್ ಮಿಲ್ಸ್ ಕಂಪನಿಯ ಕೈಯಲ್ಲೇ ಆಗ ಎಂಪಿಸಿಯೂ ಇತ್ತು, ಆಟಿಕೆಗಳ ಕೆನ್ನರೂ ಇತ್ತು. ಮುಂದೆ ಎಎಂಟಿ–ಅರ್ಟಲ್ ಹೆಸರಿನ ಪೆಟ್ಟಿಗೆಯಲ್ಲಿ ಬಂದದ್ದೂ ಇದೇ ಅಚ್ಚಿನ ಮಾಲು. ಬಿಡಿಭಾಗಕ್ಕೆ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ.

ಪ್ರಶ್ನೆ: ಮೇಲಿನ ಕೆಳಗಿನ ತಟ್ಟೆಗಳು ಸರಿಯಾಗಿ ಕೂತಿಲ್ಲ, ಸುತ್ತಲೂ ಸಂದು. ಬಿಚ್ಚಿ ಮತ್ತೆ ಜೋಡಿಸಲು ಆಗುತ್ತದೆಯೇ? — ಹುಬ್ಬಳ್ಳಿ

ಯಾವ ಅಂಟು ಹಾಕಿದ್ದಾರೆ ಎಂಬುದರ ಮೇಲಿದೆ. ಟ್ಯೂಬಿನ ದಪ್ಪ ಅಂಟಾದರೆ ಅಲ್ಲಲ್ಲಿ ಹಳದಿ ಗುಳ್ಳೆ ಕಾಣುತ್ತದೆ. ಫೆವಿಕ್ವಿಕ್ ಜಾತಿಯದಾದರೆ ಅಂಚಿನಲ್ಲಿ ಬಿಳಿ ಮಬ್ಬು. ಎರಡೂ ಚಳಿಗೆ ಸೋಲುತ್ತವೆ. ಮಾಡೆಲ್ಲನ್ನು ಚೀಲದಲ್ಲಿ ಕಟ್ಟಿ ಮೂರ್ನಾಲ್ಕು ಗಂಟೆ ಫ್ರೀಜರಿನಲ್ಲಿಡಿ. ಹೊರತೆಗೆದ ತಕ್ಷಣ ತೆಳು ಬ್ಲೇಡನ್ನು ಸಂದಿಗೆ ತೂರಿಸಿ ನಿಧಾನವಾಗಿ ತಿರುಚಿ. ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ತಣ್ಣಗಿನ ಪ್ಲಾಸ್ಟಿಕ್ಕೂ ಪೆಡಸೇ, ಆದ್ದರಿಂದ ಒಂದೇ ಕಡೆ ಮೀಟದೆ ಸುತ್ತ ಬನ್ನಿ. ನೀರಿನಂಥ ದ್ರವ ಸಿಮೆಂಟ್ (ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು) ಹಾಕಿದ್ದರೆ ಎರಡು ಭಾಗ ಕರಗಿ ಒಂದಾಗಿರುತ್ತದೆ. ಅಲ್ಲಿ ರೇಜರ್ ಗರಗಸವೇ ಗತಿ.

ತಟ್ಟೆ ಸೊಟ್ಟಗಾಗಿದ್ದರೆ 65–70 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಇಟ್ಟು, ಸಮತಟ್ಟಾದ ಗ್ರಾನೈಟ್ ಮೇಲೆ ಒತ್ತಿ ಹಿಡಿದು ತಣಿಯಲು ಬಿಡಿ. ಕುದಿಯುವ ನೀರು ಬೇಡ. ಪಾಲಿಸ್ಟೈರೀನ್ 95 ಡಿಗ್ರಿಯ ಆಸುಪಾಸಿನಲ್ಲಿ ಆಕಾರವನ್ನೇ ಬಿಡುತ್ತದೆ.

ಉಳಿದ ಸಂದಿಗೆ ಅದೇ ಕಿಟ್‌ನ ಸ್ಪ್ರೂ ಕಡ್ಡಿಯನ್ನು (ಬಿಡಿಭಾಗಗಳು ಅಂಟಿಕೊಂಡು ಬರುವ ಚೌಕಟ್ಟು) ಚೂರು ಮಾಡಿ, ಅರ್ಧ ಖಾಲಿಯಾದ ದ್ರವ ಸಿಮೆಂಟ್ ಬಾಟಲಿಯಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ದೋಸೆಹಿಟ್ಟಿನ ಹದಕ್ಕೆ ಬರಬೇಕು. ಅದನ್ನು ತುಂಬಿದರೆ ಪುಟ್ಟಿಯಂತೆ ಮುಂದೆಂದೋ ಬಿರುಕು ಬಿಡದು, ಏಕೆಂದರೆ ಒಣಗಿದ ಮೇಲೆ ಅದೂ ಅದೇ ಪ್ಲಾಸ್ಟಿಕ್ಕು. ಕುಗ್ಗುತ್ತದೆ, ಹಾಗಾಗಿ ಒಂದೆರಡು ದಿನ ಬಿಟ್ಟು ಎರಡನೇ ಸಲ ತುಂಬಿ ಆಮೇಲೆ ಉಜ್ಜಿ.

ಕಳೆದುಹೋದ ಸಣ್ಣ ಯಂತ್ರಭಾಗಗಳ ಬಗ್ಗೆ ಚಿಂತೆ ಬೇಡ. ಚಿತ್ರೀಕರಣಕ್ಕೆ ಬಳಸಿದ ಮೂಲ ಮಾಡೆಲ್ಲಿನ ಮೈಮೇಲಿನ ಕೊಳವೆ, ಪೆಟ್ಟಿಗೆ, ಚಕ್ರಗಳೇ ಟ್ಯಾಂಕ್, ರೇಸ್‌ಕಾರು ಕಿಟ್‌ಗಳಿಂದ ಕಿತ್ತು ಅಂಟಿಸಿದವು. ನಿಮ್ಮ ಹಳೆಯ ಟ್ಯಾಂಕ್ ಕಿಟ್‌ನ ಉಳಿಕೆ ಅಂಟಿಸಿದರೆ ಮೋಸವೇನಲ್ಲ, ಪರಂಪರೆ.

ಪ್ರಶ್ನೆ: ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಹಾಳೆ ಹಳದಿಯಾಗಿದೆ. ಒಂದನ್ನು ನೀರಿಗೆ ಹಾಕಿದೆ, ಹತ್ತು ಚೂರಾಯಿತು. — ಶಿವಮೊಗ್ಗ

ಮೊದಲು ಹಾಳೆಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಡಿ. ಎಲ್ಲ ಕೈಕೊಟ್ಟರೂ ಡೆಕಾಲ್ ಕಾಗದದಲ್ಲಿ ಮುದ್ರಿಸಲು ಮೂಲವೊಂದು ಇರುತ್ತದೆ.

ಹಳದಿ ಹೋಗಲು ಹಾಳೆಯನ್ನು ಜಿಪ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಳಗಿನಿಂದ ಅಂಟಿಸಿ, ಮುದ್ರಣದ ಮುಖ ಹೊರಗೆ. ನಮ್ಮ ಬೇಸಿಗೆಯಲ್ಲಿ ಒಂದೆರಡು ವಾರದಲ್ಲಿ ಬೆಳ್ಳಗಾಗುತ್ತದೆ. ಬಣ್ಣದ ಮುದ್ರಣವೂ ಮಾಸಬಹುದು, ಮೂರು ದಿನಕ್ಕೊಮ್ಮೆ ನೋಡಿ.

ಚೂರಾಗುವುದು ಮೇಲಿನ ವಾರ್ನಿಶ್ ಪೊರೆ ಒಣಗಿ ಸೀಳಿರುವುದರಿಂದ. ಮೈಕ್ರೋಸ್ಕೇಲ್ ಕಂಪನಿಯ ಲಿಕ್ವಿಡ್ ಡೆಕಾಲ್ ಫಿಲ್ಮನ್ನು ಮೆತ್ತನೆಯ ಬ್ರಷ್‌ನಲ್ಲಿ ಒಂದು ಸಲ ಹಚ್ಚಿ, ರಾತ್ರಿಯಿಡೀ ಒಣಗಿಸಿ. ಇಲ್ಲವೇ ಗ್ಲಾಸ್, ಅಂದರೆ ಹೊಳಪಿನ, ಲ್ಯಾಕರನ್ನು ಎರಡು ತೆಳು ಪದರ ಸ್ಪ್ರೇ ಮಾಡಿ. ಈಗ ಹಾಳೆಯೆಲ್ಲ ಒಂದೇ ಪೊರೆಯಾಗಿರುವುದರಿಂದ ಪ್ರತಿ ಡೆಕಾಲನ್ನೂ ಅಂಚಿಗೆ ಹತ್ತಿರ ಕತ್ತರಿಸಬೇಕು. ಬಳಸದ ಒಂದನ್ನು, ಉದಾಹರಣೆಗೆ ಕಂಪನಿಯ ಹೆಸರಿರುವ ತುಣುಕನ್ನು, ಉಗುರುಬೆಚ್ಚಗಿನ ನೀರಲ್ಲಿ ಹಾಕಿ ಪರೀಕ್ಷಿಸಿ. ಅದು ಇಡಿಯಾಗಿ ಜಾರಿದರೆ ಉಳಿದವಕ್ಕೆ ಕೈ ಹಚ್ಚಿ. ಅಂಟಿಸುವ ಮೈ ಗ್ಲಾಸ್ ಆಗಿರಲಿ. ಹೊಳಪಿಲ್ಲದ ಮ್ಯಾಟ್ ಮೈಯ ತರಿಗಳ ನಡುವೆ ಗಾಳಿ ಸಿಕ್ಕಿಕೊಂಡು ಡೆಕಾಲ್ ಬೆಳ್ಳಿಯಂತೆ ಮಿನುಗುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ಹೋಗದು.

ಪ್ರಶ್ನೆ: ಎಎಂಟಿಯ ಹಳೆಯ ಎಂಟರ್‌ಪ್ರೈಸ್‌ನ (‘ಸ್ಟಾರ್ ಟ್ರೆಕ್’ ಧಾರಾವಾಹಿಯ ನೌಕೆ) ಎರಡು ಎಂಜಿನ್ ಕೊಳವೆಗಳೂ ಜೋತುಬಿದ್ದಿವೆ. ಎಷ್ಟು ಅಂಟು ಹಾಕಿದರೂ ತಿಂಗಳಲ್ಲಿ ಮತ್ತೆ ಇಳಿಯುತ್ತವೆ. ತಟ್ಟೆಯ ಮೇಲಿನ ಉಬ್ಬುಗೀಟುಗಳನ್ನು ಉಳಿಸಬೇಕೇ? ಫಾಲ್ಕನ್‌ನಂತೆ ಕೊಳೆ ಮಾಡಬಹುದೇ? — ನ್ಯೂಜೆರ್ಸಿ

1966ರಲ್ಲಿ ಮೊದಲು ಬಂದಾಗಿನಿಂದ ಈ ಕಿಟ್‌ಗೆ ಅಂಟಿದ ಕಾಯಿಲೆ ಇದು. ಸುಮಾರು 46 ಸೆಂ.ಮೀ. ಉದ್ದದ ನೌಕೆ, ತೆಳ್ಳನೆಯ ಎರಡು ಕೈಗಳ ತುದಿಯಲ್ಲಿ ಉದ್ದ ಕೊಳವೆಗಳು, ಕೈಗಳ ಬುಡಕ್ಕೆ ಅಂಟು ಹಿಡಿಯಲು ಇರುವ ಜಾಗ ಚೂರೇ ಚೂರು. ಭಾರ ಸದಾ ಎಳೆಯುತ್ತಿದ್ದರೆ ಪಾಲಿಸ್ಟೈರೀನ್ ಮುರಿಯದೆಯೂ ನಿಧಾನವಾಗಿ ಬಾಗುತ್ತ ಹೋಗುತ್ತದೆ, ಬಿಸಿಯಿದ್ದರೆ ಇನ್ನೂ ಬೇಗ. ಅಂಟು ಹೆಚ್ಚಿಸಿ ಪ್ರಯೋಜನವಿಲ್ಲ. ಭಾರವನ್ನು ಲೋಹಕ್ಕೆ ವಹಿಸಬೇಕು.

ಕೈಗಳನ್ನು ಬುಡದಲ್ಲಿ ರೇಜರ್ ಗರಗಸದಿಂದ ಬಿಡಿಸಿ, ಬಿಸಿನೀರಿನಲ್ಲಿ ಹದ ಮಾಡಿ ಎರಡು ಗಾಜಿನ ನಡುವೆ ಒತ್ತಿ ನೇರ ಮಾಡಿ. ಒಳಮುಖದ ಉದ್ದಕ್ಕೂ 1.5 ಮಿ.ಮೀ. ಅಗಲ, ಅಷ್ಟೇ ಆಳದ ಕಾಲುವೆ ಕೊರೆದು, 1.5 ಮಿ.ಮೀ.ನ ಹಿತ್ತಾಳೆ ಕಡ್ಡಿ ಮಲಗಿಸಿ, ಎಪಾಕ್ಸಿ ಹಾಕಿ ಮುಚ್ಚಿ. ಕೈಯ ದಪ್ಪ ಅಷ್ಟನ್ನು ತಾಳದಿದ್ದರೆ 1 ಮಿ.ಮೀ.ನ ಎರಡು ಕಡ್ಡಿ. ಕಡ್ಡಿ ಎರಡೂ ತುದಿಯಲ್ಲಿ 15 ಮಿ.ಮೀ. ಹೊರಗೆ ಚಾಚಿರಲಿ: ಒಂದು ತುದಿ ಎಂಜಿನ್ನಿನೊಳಕ್ಕೆ, ಇನ್ನೊಂದು ಕೆಳಗಿನ ಒಡಲಿನೊಳಕ್ಕೆ. ಒಡಲನ್ನು ತೆರೆಯಲಾಗದಿದ್ದರೆ ಕೈ ಕೂರುವ ಸೀಳಿನಿಂದಲೇ ಎಂ-ಸೀಲ್ ಉಂಡೆ ತುಂಬಿ, ಅದು ಮೆತ್ತಗಿರುವಾಗಲೇ ಕಡ್ಡಿ ಚುಚ್ಚಿ. ಸೂಪರ್‌ಗ್ಲೂ ಇಲ್ಲಿ ಬೇಡ. ಎಳೆತ ತಾಳುತ್ತದೆ, ಆದರೆ ಅಡ್ಡ ತಿರುಚಿದರೆ ಕಿತ್ತುಬರುತ್ತದೆ.

ಅಂಟು ಗಟ್ಟಿಯಾಗುವ 24 ಗಂಟೆ ನೌಕೆ ಅಲುಗಬಾರದು. ಥರ್ಮೋಕೋಲ್‌ನಲ್ಲಿ ಒಡಲು, ಕೊಳವೆಗಳಿಗೆ ತಕ್ಕ ಗುಂಡಿ ಕೊರೆದು ತಲೆಕೆಳಗಾಗಿ ಮಲಗಿಸಿ. ತಟ್ಟೆಯ ಹಿಂಬದಿ ಅಂಚಿನ ನಡುಬಿಂದುವಿನಿಂದ ಎರಡೂ ಎಂಜಿನ್ ಮೂಗಿಗೆ ದಾರ ಹಿಡಿದು ಅಳೆಯಿರಿ. ಅರ್ಧ ಮಿ.ಮೀ. ವ್ಯತ್ಯಾಸವೂ ಮುಂದಿನಿಂದ ನೋಡಿದಾಗ ಕಣ್ಣಿಗೆ ಹೊಡೆಯುತ್ತದೆ.

ಉಬ್ಬುಗೀಟುಗಳನ್ನು ನಾವಾದರೆ ಉಜ್ಜಿ ತೆಗೆಯುತ್ತೇವೆ: 600, ಆಮೇಲೆ 1000. ಟಿವಿ ಧಾರಾವಾಹಿಗೆ ಬಳಸಿದ ಮೂಲ ಮಾಡೆಲ್ಲಿನಲ್ಲಿ ಇದ್ದದ್ದು ತೆಳು ಪೆನ್ಸಿಲ್ ಗೆರೆ ಮಾತ್ರ. 3.4 ಮೀಟರ್ ಉದ್ದದ ಆ ಮಾಡೆಲ್ ಈಗ ವಾಷಿಂಗ್ಟನ್‌ನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂನಲ್ಲಿದೆ, ನೀವಿರುವಲ್ಲಿಂದ ರೈಲಿನಲ್ಲೇ ಹೋಗಿ ನೋಡಬಹುದು. 1991ರ ದುರಸ್ತಿಯಲ್ಲಿ ಅದರ ಮೈಮೇಲೆ ಎದ್ದು ಕಾಣುವಂತೆ ಗೆರೆ, ನೆರಳು ಮೂಡಿಸಿದ್ದರು. ಅದಕ್ಕೆ ಬೇಕಾದಷ್ಟು ಟೀಕೆ ಬಂತು. 2016ರಲ್ಲಿ ಮುಗಿದ ಸಂರಕ್ಷಣೆಯಲ್ಲಿ ಅದನ್ನು ತೆಗೆದು 1960ರ ದಶಕದ ನೋಟಕ್ಕೆ ಮರಳಿಸಿದರು. ತಟ್ಟೆಯ ಮೇಲ್ಮೈಯಲ್ಲಿ ಉಳಿದಿದ್ದ ಮೂಲ ಬಣ್ಣವನ್ನಂತೂ ಮುಟ್ಟದೆ ಹಾಗೇ ಬಿಟ್ಟರು.

ಅಲ್ಲೇ ನಿಮ್ಮ ಮೂರನೇ ಪ್ರಶ್ನೆಗೂ ಉತ್ತರವಿದೆ. ಈ ನೌಕೆ ನೆಲಕ್ಕಿಳಿಯುವುದಿಲ್ಲ, ಮಳೆ ಕಂಡಿಲ್ಲ, ಮಣ್ಣು ಮೆಟ್ಟಿಲ್ಲ. ಕೊಳೆ ಎಲ್ಲಿಂದ ಬರಬೇಕು? 2ಎಚ್ ಪೆನ್ಸಿಲಿನ ಗೆರೆ ಎಳೆದು ಮೇಲೆ ಮ್ಯಾಟ್ ಹೊಡೆಯಿರಿ, ಒಂದೆರಡು ಪ್ಯಾನೆಲ್ ಕಂಡೂ ಕಾಣದಷ್ಟು ಗಾಢ ಮಾಡಿ, ಕೈ ತೊಳೆದುಕೊಳ್ಳಿ.

ಪ್ರಶ್ನೆ: ಫಾಲ್ಕನ್‌ಗೆ ಕಪ್ಪು ವಾಶ್ (ಗೆರೆಗಳಿಗೆ ಇಳಿಯುವಂತೆ ನೀರಾಗಿ ಕಲಸಿದ ಬಣ್ಣ) ಹಾಕಿದೆ. ಒಲೆ ಒರೆಸುವ ಮಸಿಬಟ್ಟೆಯಂತಾಯಿತು. ಎಲ್ಲಿ ತಪ್ಪಿದೆ? — ಮೈಸೂರು, ಇಂಥದ್ದೇ ಪ್ರಶ್ನೆ ಬೆಳಗಾವಿಯಿಂದ

ಮೂರು ಕಡೆ. ಮೈ ಮ್ಯಾಟ್ ಆಗಿತ್ತು, ಬಣ್ಣ ಅಪ್ಪಟ ಕಪ್ಪಾಗಿತ್ತು, ಇಡೀ ಮೈಗೆ ಬಳಿದಿರಿ.

ಫಾಲ್ಕನ್ ವಿಷಯದಲ್ಲಿ ಕೊಳೆಗೆ ಕಾರಣ ಬೇಕಾದಷ್ಟಿದೆ. ಗ್ರಹಗಳಿಗೆ ಇಳಿಯುತ್ತದೆ, ಗುಂಡೇಟು ತಿನ್ನುತ್ತದೆ, ಒಡೆಯನಿಗೆ ರಿಪೇರಿಗೆ ಕಾಸಿಲ್ಲ. ಪ್ರತಿ ಕಲೆ ಹಾಕುವ ಮುಂಚೆ ಅದು ಎಲ್ಲಿಂದ ಸೋರಿತು, ಯಾವ ಕಡೆಗೆ ಹರಿಯಿತು ಎಂದು ಕೇಳಿಕೊಳ್ಳಿ. ನಮ್ಮ ಸಲಹೆ: ತಟ್ಟೆಯ ಮೇಲೆ ಮುಂದಿನಿಂದ ಹಿಂದಕ್ಕೆ, ಪಕ್ಕದ ಗೋಡೆಗಳಲ್ಲಿ ಮೇಲಿನಿಂದ ಕೆಳಕ್ಕೆ, ಕಾಲುಗಳ ಸುತ್ತ ಧೂಳು, ಹಿಂಬದಿಯ ದುಂಡು ಜಾಲರಿಗಳ ಸುತ್ತ ಮಸಿ.

ಕೆಲಸದ ಸರದಿ ಹೀಗಿರಲಿ. ಬೂದು ಪ್ರೈಮರ್ ಮೇಲೆ ತಿಳಿ ಬೂದು ಬಿಳುಪು. ಒಣಗಿದ ಮೇಲೆ ಅಲ್ಲಲ್ಲಿ ಒಂದೊಂದು ಪ್ಯಾನೆಲ್ಲಿಗೆ ಟೇಪ್ ಸುತ್ತಿ, ಮೂಲ ಬಣ್ಣದ 20 ಹನಿಗೆ ಬೂದು ಅಥವಾ ಮಣ್ಣುಬಣ್ಣದ ಒಂದೆರಡು ಹನಿ ಸೇರಿಸಿ ಹೊಡೆಯಿರಿ. ನಾಲ್ಕಾರು ಪ್ಯಾನೆಲ್‌ಗೆ ಕಂದುಗೆಂಪು. ಆ ಕೆಂಪು ಚಕ್ಕೆ ಎದ್ದಂತೆ ಕಾಣಬೇಕಾದರೆ ಕೆಳಗೆ ತಲೆಗೂದಲಿನ ಹೇರ್‌ಸ್ಪ್ರೇ ಎರಡು ತೆಳು ಪದರ ಹಾಕಿ, ಕಾಲು ಗಂಟೆ ಬಿಟ್ಟು, ಮೇಲೆ ನೀರಿನ ಅಕ್ರಿಲಿಕ್ ಹೊಡೆಯಿರಿ. ಅರ್ಧದಿಂದ ಒಂದು ಗಂಟೆಯೊಳಗೆ ಒದ್ದೆ ಬಿರುಸು ಬ್ರಷ್‌ನಲ್ಲಿ ತಟ್ಟಿದರೆ ಚಕ್ಕೆ ಏಳುತ್ತದೆ. ಮರುದಿನಕ್ಕೆ ಬಿಟ್ಟರೆ ಏಳುವುದು ಕಷ್ಟ. ಚಕ್ಕೆಯ ಅಳತೆ ನೆನಪಿರಲಿ: ಮಾಡೆಲ್ ಸುಮಾರು 1:72 ಎಂದುಕೊಂಡರೆ 1 ಮಿ.ಮೀ. ಚಕ್ಕೆ ಎಂದರೆ ನಿಜದ ನೌಕೆಯಲ್ಲಿ 7.2 ಸೆಂ.ಮೀ. ಗಾಯ. ಅಂಗೈ ಅಗಲದ ಗಾಯಗಳನ್ನು ಸಾಲುಸಾಲಾಗಿ ಮಾಡಬೇಡಿ.

ಇದಾದ ಮೇಲೆ ಗ್ಲಾಸ್, ಡೆಕಾಲ್, ಮತ್ತೆ ಗ್ಲಾಸ್. ಎರಡು ದಿನ ಬಿಡಿ. ಈಗ ವಾಶ್. ಕಲಾವಿದರ ಆಯಿಲ್ ಬಣ್ಣದಲ್ಲಿ ಬರ್ನ್ಟ್ ಅಂಬರ್ ಎರಡು ಪಾಲು, ಕಪ್ಪು ಒಂದು ಪಾಲು, ಕೂಡಿ ಒಂದು ಕಡಲೆಕಾಳಿನಷ್ಟು. ಮೊದಲು ಅದನ್ನು ರಟ್ಟಿನ ಮೇಲೆ ಅರ್ಧ ಗಂಟೆ ಬಿಡಿ. ರಟ್ಟು ಎಣ್ಣೆ ಹೀರಿಕೊಂಡರೆ ಬಣ್ಣ ಬೇಗ ಒಣಗುತ್ತದೆ, ಜಿಡ್ಡಾಗಿ ಹೊಳೆಯುವುದೂ ಇಲ್ಲ. ಒಂದು ಟೀ ಚಮಚ ವಾಸನೆಯಿಲ್ಲದ ಆರ್ಟಿಸ್ಟ್ ಥಿನ್ನರ್‌ನಲ್ಲಿ ಕಲಸಿ ನೀರುಮಜ್ಜಿಗೆಗಿಂತ ತೆಳ್ಳಗೆ ಮಾಡಿ.

ಒಂದೇ ಒಂದು ಪ್ಯಾನೆಲ್ ಮೇಲೆ ಅಭ್ಯಾಸ ಮಾಡಿ. ಸೊನ್ನೆ ನಂಬರ್ ಬ್ರಷ್‌ನ ತುದಿಯನ್ನು ಗೆರೆಗಳು ಕೂಡುವ ಮೂಲೆಗೆ ಮುಟ್ಟಿಸಿ, ಎಳೆಯಬೇಡಿ. ಬತ್ತಿಗೆ ಎಣ್ಣೆ ಏರುವಂತೆ ವಾಶ್ ತಾನಾಗಿ ಗೆರೆಯಲ್ಲಿ ಎರಡು ಮೂರು ಸೆಂ.ಮೀ. ಓಡುತ್ತದೆ. 15–20 ನಿಮಿಷ ಕಾಯಿರಿ. ಹತ್ತಿಕಡ್ಡಿಗೆ ಥಿನ್ನರ್ ತಾಗಿಸಿ, ಕಾಗದಕ್ಕೆ ಒತ್ತಿ ಆರಿಸಿ, ಹರಿವಿನ ದಿಕ್ಕಿನಲ್ಲಿ ಒಂದೇ ಸಲ ಒರೆಸಿ. ಗೆರೆಯಲ್ಲಿ ಕಪ್ಪು ನಿಲ್ಲುತ್ತದೆ, ಆಚೆಗೆ ತೆಳು ಬಾಲದಂಥ ಕಲೆ ಉಳಿಯುತ್ತದೆ. ಆ ಬಾಲವೇ ಬೇಕಾಗಿದ್ದುದು. ಎಲ್ಲ ಗೆರೆಗೂ ಒಂದೇ ತೂಕ ಕೊಡಬೇಡಿ, ಮೂರರಲ್ಲಿ ಒಂದನ್ನು ಬರಿದೇ ಬಿಡಿ.

ಕೊನೆಗೆ ಮ್ಯಾಟ್ ಹೊಡೆದು, ಅದರ ಮೇಲೆ ಮಸಿ. ಒಣ ಚಾಕ್ ಪೇಸ್ಟಲ್ ಕಡ್ಡಿಯನ್ನು ವಾಟರ್ ಪೇಪರಿಗೆ ತೀಡಿ ಪುಡಿ ಮಾಡಿಕೊಳ್ಳಿ. ಆಯಿಲ್ ಪೇಸ್ಟಲ್ ಆಗದು. ಗುಂಡೇಟಿಗೆ ಹತ್ತಿಕಡ್ಡಿಯ ತುದಿಯಿಂದ ಕಪ್ಪನ್ನು ತಿರುಗಿಸಿ ಒತ್ತಿ, ಸುತ್ತ ಕಂದು ಪುಡಿಯನ್ನು ಮೆತ್ತನೆಯ ಬ್ರಷ್‌ನಲ್ಲಿ ಚದುರಿಸಿ. ಪುಡಿಯ ಮೇಲೆ ಮತ್ತೆ ಮ್ಯಾಟ್ ಹೊಡೆದರೆ ಅರ್ಧದಷ್ಟು ಮಾಯವಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಡುವ ಮಾಡೆಲ್ಲಾದರೆ ಹಾಗೇ ಬಿಡಿ.

ಈಗಾಗಲೇ ಮಸಿಬಟ್ಟೆಯಾಗಿರುವುದಕ್ಕೆ: ಎಣ್ಣೆಯ ವಾಶ್ ಆಗಿದ್ದು ವಾರ ಕಳೆದಿಲ್ಲವಾದರೆ ಅದೇ ಥಿನ್ನರ್‌ನಲ್ಲಿ ಬಹುಪಾಲು ಬರುತ್ತದೆ. ಬಾರದಿದ್ದರೆ ಮೂಲ ಬಣ್ಣವನ್ನು ತುಂಬ ತೆಳ್ಳಗೆ ಮಾಡಿ, ಪ್ಯಾನೆಲ್ ನಡುಭಾಗಕ್ಕೆ ಮಾತ್ರ ಮೋಡದಂತೆ ಹೊಡೆಯಿರಿ. ಕೆಳಗಿನ ಕೊಳೆ ನೆರಳಾಗಿ ಉಳಿದು ಎಷ್ಟೋ ಸಲ ಮೊದಲು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ವಾಶ್ ಹಾಕಿ ಮಲಗಿದೆ. ಬೆಳಿಗ್ಗೆ ಲ್ಯಾಂಡಿಂಗ್ ಕಾಲು ತಾನಾಗಿ ಮುರಿದು ಬಿದ್ದಿತ್ತು. — ತುಮಕೂರು

ಬಿಗಿಯಾಗಿ ತುರುಕಿ ಕೂರಿಸಿದ ಭಾಗದಲ್ಲಿ ಸದಾ ಎಳೆತವಿರುತ್ತದೆ. ಅಲ್ಲಿ ಬಣ್ಣವಿಲ್ಲದ ಬರಿ ಪ್ಲಾಸ್ಟಿಕ್ಕಿಗೆ ಥಿನ್ನರ್ ಇಳಿದರೆ ಕೂದಲೆಳೆಯ ಬಿರುಕು ಹುಟ್ಟಿ ಮುರಿಯುತ್ತದೆ. ಕೀಲು, ಕಾಲು, ಒಳಮೈಗೂ ಪ್ರೈಮರ್ ಹೊಡೆಯಿರಿ. ವಾಶ್ ಗುಂಡಿಯಲ್ಲಿ ನಿಲ್ಲದಂತೆ ಕಾಗದದ ಮೊನೆಯಿಂದ ಹೀರಿಸಿ. ಮುರಿದ ಕಾಲಿಗೆ ನಡುವೆ 0.8 ಮಿ.ಮೀ. ರಂಧ್ರ ಕೊರೆದು ತಂತಿ ಹಾಕಿ ಜೋಡಿಸಿ.

ಪ್ರಶ್ನೆ: ಜುಲೈಯಲ್ಲಿ ಲ್ಯಾಕರ್ ಹೊಡೆದೆ, ಬೂದಿ ಬಳಿದಂತೆ ಬೆಳ್ಳಗಾಯಿತು. — ಮಂಗಳೂರು

ಲ್ಯಾಕರಿನ ಥಿನ್ನರ್ ಆರುವಾಗ ಮೈಯನ್ನು ತಣ್ಣಗಾಗಿಸುತ್ತದೆ. ಕರಾವಳಿಯ ಮಳೆಗಾಲದ ಗಾಳಿಯಲ್ಲಿರುವ ತೇವ ಅಲ್ಲೇ ಹನಿಗಟ್ಟಿ ಪೊರೆಯೊಳಗೆ ಸಿಕ್ಕಿಕೊಳ್ಳುತ್ತದೆ. ತೇವಾಂಶ 70 ಪ್ರತಿಶತ ದಾಟಿದ ದಿನ ಲ್ಯಾಕರ್ ಮುಟ್ಟಬೇಡಿ. ಬೇಕೇ ಬೇಕೆಂದರೆ ಎಸಿಯನ್ನು ಒಂದು ಗಂಟೆ ಓಡಿಸಿದ ಕೋಣೆ, ಥಿನ್ನರ್‌ಗೆ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ), ತೆಳು ಪದರ. ಆದ ಅನಾಹುತ ಸರಿಹೋಗುತ್ತದೆ: ಒಣ ದಿನ ನೋಡಿ ರಿಟಾರ್ಡರ್ ಬೆರೆಸಿದ ಲ್ಯಾಕರ್ ಥಿನ್ನರನ್ನು ಮಂಜಿನಂತೆ ಒಂದು ಸಲ ಹಾಯಿಸಿದರೆ ಪೊರೆ ಮೆತ್ತಗಾಗಿ ತೇವ ಬಿಟ್ಟು ತಿಳಿಯಾಗುತ್ತದೆ. ಒದ್ದೆಯಾಗುವಷ್ಟು ಹೊಡೆದರೆ ಮಾತ್ರ ಕೆಳಗಿನ ಬಣ್ಣವೂ ಹರಿದೀತು. ಏರ್‌ಬ್ರಷ್‌ನ ಕೊಳವೆಯಲ್ಲೂ ನೀರು ಕೂಡುತ್ತದೆ, ಕಂಪ್ರೆಸರಿಗೆ ವಾಟರ್ ಟ್ರ್ಯಾಪ್ ಇರಲಿ.

ಪ್ರಶ್ನೆ: ಜಪಾನಿನ ಬಾಂದಾಯ್ ಕಂಪನಿಯ 1980ರ ಗುಂಡಮ್ ರೋಬೋ ಸಿಕ್ಕಿದೆ. ಕೈಕಾಲು ನಿಲ್ಲುವುದಿಲ್ಲ. — ದಾವಣಗೆರೆ

ಆ ವರ್ಷದ ಜುಲೈಯಲ್ಲಿ 300 ಯೆನ್ನಿಗೆ ಬಂದ 1:144ರ ಕಿಟ್ ಇರಬೇಕು. ಈಗಿನವುಗಳಂತೆ ಒತ್ತಿದರೆ ಕೂರುವ ಜಾತಿಯಲ್ಲ, ಅಂಟು ಬೇಕು. ಕೀಲಿನ ಗೂಟಕ್ಕೆ ಸೂಪರ್‌ಗ್ಲೂ ತೆಳುವಾಗಿ ಸವರಿ, ಪೂರ್ತಿ ಒಣಗಿದ ಮೇಲೆ, ಒಂದು ದಿನ ಬಿಟ್ಟು, ತೂರಿಸಿ. ಬಿಗಿಯಾದರೆ 1000ರಲ್ಲಿ ಉಜ್ಜಿ. ಆತುರಪಟ್ಟರೆ ಶಾಶ್ವತವಾಗಿ ನಿಂತುಬಿಡುತ್ತದೆ.

ಪ್ರಶ್ನೆ: ಫಾಲ್ಕನ್ ಒಳಗಿನ ಹಳೆಯ ಬಲ್ಬ್ ತೆಗೆದು ಎಲ್‌ಇಡಿ ಹಾಕಬೇಕು. — ಸಿಂಗಪುರ

ಸೋರಿದ ಸೆಲ್ಲಿನ ಕಲೆಯಿದ್ದರೆ ಮೊದಲು ಅದನ್ನು ತೊಳೆಯಿರಿ: ಆಲ್ಕಲೈನ್ ಸೆಲ್ಲಾದರೆ ವಿನೆಗರ್, ಹಳೆಯ ಜಿಂಕ್–ಕಾರ್ಬನ್ನಾದರೆ ಅಡುಗೆ ಸೋಡಾದ ನೀರು. 9 ವೋಲ್ಟ್ ಬ್ಯಾಟರಿಗೆ 3.2 ವೋಲ್ಟಿನ ಒಂದು ಬಿಳಿ ಎಲ್‌ಇಡಿಯಾದರೆ 390 ಓಮ್, ಸರಣಿಯಲ್ಲಿ ಎರಡಾದರೆ 180 ಓಮ್. ಸುಮಾರು 15 ಮಿಲಿಆಂಪ್ ಹರಿಯುತ್ತದೆ, ಶಾಖದ ಭಯವಿಲ್ಲ. ತಟ್ಟೆಗಳನ್ನು ಮುಚ್ಚುವ ಮುಂಚೆ ಒಳಮೈಗೆಲ್ಲ ಕಪ್ಪು, ಅದರ ಮೇಲೆ ಬಿಳಿ ಹೊಡೆಯಿರಿ. ಪ್ಲಾಸ್ಟಿಕ್ಕು ಬೆಳಕನ್ನು ಹಾಯಲು ಬಿಡುತ್ತದೆ, ಇಲ್ಲದಿದ್ದರೆ ನೌಕೆ ಆಕಾಶಬುಟ್ಟಿಯಂತೆ ಮೈಯೆಲ್ಲ ಹೊಳೆದೀತು. ಕತ್ತಲ ಕೋಣೆಯಲ್ಲಿ ಒಮ್ಮೆ ಉರಿಸಿ ನೋಡಿ, ಬೆಳಕು ಸೋರುವ ಸಂದುಗಳಿಗೆ ಕಪ್ಪು ಬಣ್ಣ ಮುಟ್ಟಿಸಿ, ಆಮೇಲೆ ಅಂಟು ಹಾಕಿ. ಬ್ಯಾಟರಿಯನ್ನು ಒಳಗಿಡದೆ ಸ್ಟ್ಯಾಂಡಿನ ಬುಡದಲ್ಲಿಡಿ.